ಕಿಟ್ ಸ್ಟೌಟ್ ನೀರು ನೀರಾಗಿ ಬರ್ತಿದ್ಯಾ? ರುಚಿ, ಬಾಡಿ ಎರಡೂ ಏರಿಸೋದು ಹೀಗೆ

ಡಬ್ಬದ ಕಿಟ್ ತಂದು ಮನೇಲಿ ಸ್ಟೌಟ್, ಅಂದ್ರೆ ಹುರಿದ ಕಾಳಿನ ಕಪ್ಪು ಬಿಯರ್, ಮಾಡಿದವರು ಹೇಳೋ ದೂರು ಹೆಚ್ಚುಕಮ್ಮಿ ಒಂದೇ. ಬಣ್ಣ ಕಪ್ಪಗೆ ಚೆನ್ನಾಗಿ ಬಂದಿರತ್ತೆ, ನೊರೆನೂ ಎದ್ದಿರತ್ತೆ, ಆದ್ರೆ ಒಂದು ಗುಟುಕು ಕುಡಿದ್ರೆ ನಾಲಿಗೆ ಮೇಲೆ ಏನೂ ನಿಲ್ಲಲ್ಲ, ನೀರು ನೀರು, ಕೊನೇಲಿ ಸ್ವಲ್ಪ ಕಹಿ, ಅಷ್ಟೇ. ಇದಕ್ಕೆ ಡಬ್ಬನ ಬೈದು ಪ್ರಯೋಜನ ಇಲ್ಲ, ಒಳಗಿರೋ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬರಿಸಿದ ಬಾರ್ಲಿಯ ಗಟ್ಟಿ ಪಾಕ) ಸಾಮಾನ್ಯವಾಗಿ ಒಳ್ಳೇದೇ ಇರತ್ತೆ. ತೊಂದರೆ ಇರೋದು ಜೊತೆಗೆ ಬರೋ ಚೀಟಿಲಿ. 1.7 ಕೆಜಿ ಡಬ್ಬಕ್ಕೆ 1 ಕೆಜಿ ಸಕ್ರೆ ಹಾಕಿ, 23 ಲೀಟರ್ ಆಗೋವರೆಗೂ ನೀರು ಹುಯ್ಯಿ ಅಂತ ಬರೆದಿರ್ತಾರಲ್ಲ, ಆ ಒಂದು ಸಾಲೇ ನಿಮ್ಮ ಸ್ಟೌಟನ್ನ ತೆಳ್ಳಗೆ ಮಾಡ್ತಿರೋದು. ಇದು ಸರಿ ಹೋದ್ರೆ ಅರ್ಧ ಕೆಲಸ ಮುಗೀತು, ಮಿಕ್ಕಿದ್ದೆಲ್ಲ ಅದರ ಮೇಲೆ ಕಟ್ಕೊಂಡು ಹೋಗೋದು.

ಬಾಡಿ ಅಂದ್ರೇನು ಅಂತ ಮೊದ್ಲು ಸ್ವಲ್ಪ ನೋಡಣ, ಯಾಕಂದ್ರೆ ಇದು ತಲೆಗೆ ಹತ್ತಿದ್ರೆ ಮುಂದೆ ನೀವೇ ಲೆಕ್ಕ ಹಾಕ್ಕೋಬಹುದು. ಯೀಸ್ಟ್ ತಿಂದು ಬಿಟ್ಟಿದ್ದು ಏನುಳಿಯತ್ತೋ ಅದೇ ಬಾಡಿ. ಅಡುಗೆಮನೆ ಸಕ್ರೆ ಹಾಕಿದ್ರೆ ಯೀಸ್ಟ್ ಒಂದು ಚೂರೂ ಬಿಡದಂಗೆ ತಿಂದು ಆಲ್ಕೋಹಾಲ್ ಮಾಡ್ಬಿಡತ್ತೆ, ಬಾಯಿಗೆ ಸಿಗೋಕೆ ಏನೂ ಉಳಿಯಲ್ಲ, ಡೆಕ್ಸ್‌ಟ್ರೋಸ್ ಹಾಕಿದ್ರೂ ಅದೇ ಕಥೆ. ಮಾಲ್ಟ್ ಹಂಗಲ್ಲ, ಅದರಲ್ಲಿ ಡೆಕ್ಸ್‌ಟ್ರಿನ್ ಅನ್ನೋ ಉದ್ದುದ್ದ ಸರಪಳಿಗಳಿರ್ತವೆ, ಪ್ರೋಟೀನೂ ಇರತ್ತೆ, ಸಾಮಾನ್ಯ ಏಲ್ ಯೀಸ್ಟ್‌ಗೆ (ಸ್ಟೌಟ್ ಥರದ ಬಿಯರಿಗೆ ಹಾಕೋ ಯೀಸ್ಟ್) ಅವನ್ನ ತಿನ್ನೋಕಾಗಲ್ಲ. ನಾಲಿಗೆಗೆ ದಪ್ಪ ಅನ್ಸೋದು, ನೊರೆ ನಿಲ್ಲೋದು ಎರಡಕ್ಕೂ ಇವೇ ಬೇಕು.

ಅದಕ್ಕೆ ಮೊದಲನೇ ಕೆಲಸ, ಆ 1 ಕೆಜಿ ಸಕ್ರೆನ ಪೂರ್ತಿ ತೆಗೆದು ಅಷ್ಟೇ ತೂಕದ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಹಾಕಿ. ಸ್ಪ್ರೇ ಮಾಲ್ಟ್ ಅಂತಾನೂ ಸಿಗತ್ತೆ, ಡಿಎಂಇ ಅಂತಾನೂ ಬರೆದಿರ್ತಾರೆ, ಎರಡೂ ಒಂದೇ. ಶುರುವಿನ ಗ್ರಾವಿಟಿ, ಅಂದ್ರೆ ನೀರಿಗೆ (1.000) ಹೋಲಿಸಿದ್ರೆ ದ್ರವ ಎಷ್ಟು ಸಾಂದ್ರ ಅನ್ನೋ ಅಳತೆ, ಹೆಚ್ಚುಕಮ್ಮಿ ಅಷ್ಟೇ ಬರತ್ತೆ, 23 ಲೀಟರಿಗೆ 1.038 ಆಸುಪಾಸು, ಆದ್ರೆ ಸಕ್ರೆ ಹಾಕಿದ್ದು 1.006, 1.008ಕ್ಕೆ ಇಳಿದು ನಿಂತ್ರೆ ಮಾಲ್ಟ್ ಹಾಕಿದ್ದು 1.010ರಿಂದ 1.012ರಲ್ಲಿ ನಿಲ್ಲತ್ತೆ. ನೋಡೋಕೆ ಸಣ್ಣ ವ್ಯತ್ಯಾಸ, ಕುಡಿಯುವಾಗ ಬೇರೆನೇ ಬಿಯರ್. ಡಾರ್ಕ್ ಮಾಲ್ಟ್ ಪುಡಿನೇ ತಗೋಬೇಕಾ ಅಂತ ಕೇಳ್ತಾರೆ, ನನ್ನ ಪ್ರಕಾರ ಬೇಡ, ಲೈಟ್ ತಗೊಳ್ಳಿ. ಡಾರ್ಕ್ ಪುಡಿಲಿ ಏನು ಕಾಳು ಎಷ್ಟು ಹಾಕಿದಾರೆ ನಮಗೆ ಗೊತ್ತಾಗಲ್ಲ, ಹುರಿದ ರುಚಿ ನಾವೇ ಕಾಳಿಂದ ತೆಗೆದ್ರೆ ಎಷ್ಟು ಬೇಕೋ ಅಷ್ಟು ನಮ್ಮ ಕೈಲೇ ಇರತ್ತೆ.

ಎರಡನೇದು ಖರ್ಚೇ ಇಲ್ಲದ ಕೆಲಸ, ನೀರು ಕಮ್ಮಿ ಹಾಕಿ. 23ರ ಬದ್ಲು 20 ಲೀಟರಿಗೆ ನಿಲ್ಸಿ, ಇನ್ನೂ ಗಟ್ಟಿ ಬೇಕು ಅಂದ್ರೆ 18ಕ್ಕೆ. ಐದಾರು ಬಾಟಲ್ ಕಮ್ಮಿ ಸಿಗತ್ತೆ ನಿಜ, ಆದ್ರೆ ಬಾಡಿ, ಕಹಿ, ಹುರಿದ ರುಚಿ ಎಲ್ಲ ಒಟ್ಟಿಗೆ ಏರತ್ತೆ, ಒಂದು ಏರಿ ಇನ್ನೊಂದು ಹಿಂದೆ ಉಳಿಯೋ ತಾಪತ್ರಯ ಇಲ್ಲ. ಎರಡು ಡಬ್ಬ ಒಂದಕ್ಕೇ ಸುರಿಯೋರೂ ಇದಾರೆ, ಅದು ಚೆನ್ನಾಗೇ ಆಗತ್ತೆ, ಆದ್ರೆ ಎರಡೂ ಸ್ಟೌಟ್ ಡಬ್ಬನೇ ಆದ್ರೆ ಕಹಿ ಡಬಲ್ ಆಗತ್ತೆ ಅನ್ನೋದು ನೆನಪಿರ್ಲಿ, ಯಾಕಂದ್ರೆ ಕಹಿ ಕೊಡೋ ಹಾಪ್ಸ್ ಹೂವು ಆಗ್ಲೇ ಡಬ್ಬದೊಳಗೆ ಸೇರಿರತ್ತೆ. ಒಂದು ಸ್ಟೌಟ್ ಡಬ್ಬ, ಇನ್ನೊಂದು ಹಾಪ್ಸ್ ಹಾಕದೇ ಇರೋ ಮಾಲ್ಟ್ ಎಕ್ಸ್‌ಟ್ರಾಕ್ಟ್ ಡಬ್ಬ, ಈ ಜೋಡಿ ಸರಿಯಾಗಿ ಕೂರತ್ತೆ.

ಡಬ್ಬ ಕೊಳ್ಳುವಾಗ ಡೇಟ್ ನೋಡಿ ತಗೊಳ್ಳಿ. ಹಳೇ ಡಬ್ಬದಲ್ಲಿ ಎಕ್ಸ್‌ಟ್ರಾಕ್ಟ್ ತಾನೇ ಕಪ್ಪಾಗ್ತಾ ಹೋಗಿ ಒಂಥರಾ ಹಳಸಲು ಕ್ಯಾರಮೆಲ್ ರುಚಿ ಹಿಡಿಯತ್ತೆ, ಅದನ್ನ ಮುಚ್ಚೋಕೆ ಏನು ಹಾಕಿದ್ರೂ ಆಗಲ್ಲ.

ಈಗ ರುಚಿ ವಿಷಯ. ಕಿಟ್ ಸ್ಟೌಟಿಗೆ ತಾಜಾತನ ಬರೋದು ಕಾಳಿಂದ, ಇದರಲ್ಲಿ ನನಗೆ ಅನುಮಾನನೇ ಇಲ್ಲ. ಎಷ್ಟೇ ಒಳ್ಳೆ ಡಬ್ಬ ಆಗ್ಲಿ, ಹುರಿದ ಬಾರ್ಲಿಯ ಘಮ ಪಾಕ ಗಟ್ಟಿ ಮಾಡೋವಾಗ್ಲೇ ಒಂದಷ್ಟು ಹೋಗಿರತ್ತೆ, ಅದನ್ನ ವಾಪಸ್ ತರೋಕೆ ಒಂದು ಬಟ್ಟೆ ಚೀಲ, ಒಂದು ಪಾತ್ರೆ, ಅರ್ಧ ಗಂಟೆ ಸಾಕು. ನಾನು ಹೇಳೋ ಅಳತೆ 20 ಲೀಟರಿಗೆ: ಹುರಿದ ಬಾರ್ಲಿ ಅಂದ್ರೆ ರೋಸ್ಟೆಡ್ ಬಾರ್ಲಿ 200 ಗ್ರಾಂ, ಚಾಕೊಲೇಟ್ ಮಾಲ್ಟ್ 100 ಗ್ರಾಂ, ಕಡು ಬಣ್ಣದ ಕ್ರಿಸ್ಟಲ್ ಮಾಲ್ಟ್ 200 ಗ್ರಾಂ. ಚಾಕೊಲೇಟ್ ಮಾಲ್ಟಲ್ಲಿ ಚಾಕೊಲೇಟ್ ಏನೂ ಇರಲ್ಲ, ಹುರಿದ ಬಣ್ಣಕ್ಕೆ ಆ ಹೆಸರು. ಹುರಿದ ಬಾರ್ಲಿ ಕೊಡೋದು ಒಣ ಕಾಫಿ ಥರದ ಚುರುಕು, ಚಾಕೊಲೇಟ್ ಮಾಲ್ಟ್ ಅದನ್ನ ದುಂಡಗೆ ಮಾಡತ್ತೆ, ಕ್ರಿಸ್ಟಲ್ ಮಾಲ್ಟಲ್ಲಿ ಯೀಸ್ಟ್ ಸುಲಭಕ್ಕೆ ತಿನ್ನಲಾಗದ ಸಿಹಿ ಇರೋದ್ರಿಂದ ಒಣದ್ರಾಕ್ಷಿ, ಟಾಫಿ ಥರ ರುಚಿ ಜೊತೆಗೆ ಸ್ವಲ್ಪ ಬಾಡಿನೂ ಸಿಗತ್ತೆ.

ಬ್ಲಾಕ್ ಪೇಟೆಂಟ್ ಮಾಲ್ಟ್ ಅಂತ ಇನ್ನೊಂದು ಸಿಗತ್ತೆ, 1817ರಲ್ಲಿ ಡೇನಿಯಲ್ ವೀಲರ್ ಅನ್ನೋರು ಮಾಲ್ಟ್ ಹುರಿಯೋ ಡ್ರಮ್ಮಿಗೆ ಪೇಟೆಂಟ್ ತಗೊಂಡ್ರು, ಹೆಸರು ಅಲ್ಲಿಂದಾನೇ ಬಂದಿದ್ದು, ಪೋರ್ಟರ್ (ಸ್ಟೌಟಿನ ಹಾಗೇ ಕಡು ಬಣ್ಣದ ಬಿಯರ್), ಸ್ಟೌಟ್‌ಗಳು ಕಡಿಮೆ ಖರ್ಚಲ್ಲಿ ಇಷ್ಟು ಕಪ್ಪಾಗೋಕೆ ಆಗಿದ್ದೂ ಅದಾದ್ಮೇಲೆನೇ. ಮೊಳಕೆ ಬರಿಸದೆ ಹುರಿದ ಬಾರ್ಲಿನ ಬಿಯರಿಗೆ ಹಾಕೋಕೆ ಬ್ರಿಟನ್, ಐರ್ಲೆಂಡಲ್ಲಿ ಅನುಮತಿ ಸಿಕ್ಕಿದ್ದು 1880ರಲ್ಲಿ, ತೆರಿಗೆ ಹಾಕೋ ಜಾಗ ಮಾಲ್ಟಿಂದ ಬಿಯರಿಗೆ ಬದಲಾದ್ಮೇಲೆ. ಹಂಗಾಗಿ ಎರಡೂ ಸ್ಟೌಟಿಗೆ ಸಲ್ಲೋವೇ, ಆದ್ರೆ ಬ್ಲಾಕ್ ಪೇಟೆಂಟ್ ಸ್ವಲ್ಪ ಜಾಸ್ತಿ ಆದ್ರೂ ಇದ್ದಿಲು ಥರ ಬಾಯಿ ಒಣಗಿಸತ್ತೆ, ಹಾಕೋದಾದ್ರೆ 50 ಗ್ರಾಂ ದಾಟಬೇಡಿ.

ಮಾಡೋ ರೀತಿ ನಿಧಾನಕ್ಕೆ ಹೇಳ್ತೀನಿ. ಕಾಳು ಪುಡಿ ಆಗ್ಬಾರ್ದು, ಒಂದೊಂದು ಕಾಳು ಎರಡು ಮೂರು ಚೂರಾಗೋ ಹಂಗೆ ಒಡೀಬೇಕು ಅಷ್ಟೇ, ಮಿಕ್ಸಿಗೆ ಹಾಕಿದ್ರೆ ಹಿಟ್ಟಾಗಿ ಒಗರು ಬಿಡತ್ತೆ, ಲಟ್ಟಣಿಗೆಲಿ ಉರುಳಿಸಿದ್ರೆ ಸಾಕು. ಚೀಲಕ್ಕೆ ಹಾಕಿ ಸಡಿಲವಾಗಿ ಕಟ್ಟಿ. ಪಾತ್ರೇಲಿ 3 ಲೀಟರ್ ನೀರು 70 ಡಿಗ್ರಿವರೆಗೆ ಬಿಸಿ ಮಾಡಿ, ಥರ್ಮಾಮೀಟರ್ ಇಟ್ಟು ನೋಡಿ, ಒಲೆ ಆರಿಸಿ ಚೀಲ ಇಳಿಸಿ, ಮುಚ್ಚಿ ಅರ್ಧ ಗಂಟೆ ಬಿಡಿ. ಮೊದಲ ನಿಮಿಷದಲ್ಲೇ ಚೀಲದ ಸುತ್ತ ಕಂದು ಎಳೆಗಳು ಇಳಿಯೋದು ಕಾಣತ್ತೆ, ಹತ್ತು ನಿಮಿಷಕ್ಕೆ ತಳ ಕಾಣದಷ್ಟು ಕಪ್ಪಾಗಿರತ್ತೆ, ಆಗ ಮುಚ್ಚಳ ತೆಗೆದ್ರೆ ಮೂಗಿಗೆ ಹೊಡೆಯೋ ವಾಸನೆ ಇದ್ಯಲ್ಲ, ಡಬ್ಬದಲ್ಲಿ ಕಾಣೆಯಾಗಿದ್ದು ಅದೇ. ಅರ್ಧ ಗಂಟೆ ಆದ್ಮೇಲೆ ಚೀಲ ಎತ್ತಿ ಪಾತ್ರೆ ಮೇಲೇ ಹಿಡ್ಕೊಂಡು 1 ಲೀಟರ್ ಬಿಸಿ ನೀರು ಮೇಲಿಂದ ನಿಧಾನ ಹುಯ್ಯಿ, ತಾನಾಗೇ ತೊಟ್ಟಿಕ್ಕೋಕೆ ಬಿಡಿ, ಗಟ್ಟಿಯಾಗಿ ಹಿಂಡಬೇಡಿ. ಕಾಳನ್ನ ಮಾತ್ರ ಯಾವ ಕಾರಣಕ್ಕೂ ಕುದಿಸಬೇಡಿ, 77 ಡಿಗ್ರಿ ದಾಟಿದ್ರೆ ಸಿಪ್ಪೆಲಿರೋ ಟ್ಯಾನಿನ್ ಇಳಿಯೋಕೆ ಶುರುವಾಗಿ ತುಂಬ ಹೊತ್ತು ಬಿಟ್ಟ ಟೀ ಥರ ಒಗರಾಗತ್ತೆ. ಚೀಲ ತೆಗೆದಾದ್ಮೇಲೆ ಬರೀ ಆ ನೀರನ್ನ 15 ನಿಮಿಷ ಕುದಿಸಿ, ಇದು ಕ್ರಿಮಿ ಸಾಯೋಕೆ, ಕಾಳಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರತ್ತೆ. ಒಲೆ ಆರಿಸಿ ಮಾಲ್ಟ್ ಪುಡಿ ಕರಗಿಸಿ, ಒಮ್ಮೆ ಕುದಿ ಬರಿಸಿ, ಉಕ್ಕಿ ಬರತ್ತೆ, ಪಕ್ಕದಲ್ಲೇ ನಿಂತಿರಿ. ಕೊನೆಗೆ ಒಲೆ ಆರಿಸಿ ಡಬ್ಬದ್ದು ಕಲಸಿ. ಡಬ್ಬದ್ದನ್ನ ಹೊತ್ತುಗಟ್ಟಲೆ ಕುದಿಸೋ ಅಗತ್ಯ ಇಲ್ಲ, ಅದರಲ್ಲಿರೋ ಅಷ್ಟಿಷ್ಟು ಹಾಪ್ಸ್ ಘಮನೂ ಹಾರಿ ಹೋಗತ್ತೆ.

ಹುರಿದ ಕಾಳಿನ ಚುರುಕು ನಿಮಗೆ ಜಾಸ್ತಿ ಅನ್ಸಿದ್ರೆ ತಣ್ಣೀರಲ್ಲಿ ನೆನೆಸಿ. ಹುರಿದ ಬಾರ್ಲಿ, ಚಾಕೊಲೇಟ್ ಮಾಲ್ಟ್ ಎರಡನ್ನೂ ತಣ್ಣೀರಲ್ಲಿ ಹಾಕಿ ರಾತ್ರಿಯೆಲ್ಲ ಫ್ರಿಡ್ಜಲ್ಲಿಟ್ಟು ಬೆಳಿಗ್ಗೆ ಸೋಸಿ ಆ ನೀರನ್ನ ಸ್ವಲ್ಪ ಹೊತ್ತು ಕುದಿಸಿ ಹಾಕಿದ್ರೆ ಬಣ್ಣ, ರುಚಿ ಬರತ್ತೆ, ಒಗರು ಬಹಳ ಕಮ್ಮಿ. ರುಚಿ ಸ್ವಲ್ಪ ಮೆತ್ತಗಾಗೋದ್ರಿಂದ ಕಾಳು ಮೂರನೇ ಒಂದು ಭಾಗ ಜಾಸ್ತಿ ತಗೊಳ್ಳಿ.

ಓಟ್ಸ್ ಬಗ್ಗೆ ತಪ್ಪು ತಿಳುವಳಿಕೆ ಜಾಸ್ತಿ ಇದೆ. ಓಟ್ಸ್ ಹಾಕಿದ್ರೆ ಬಾಯಲ್ಲಿ ರೇಷ್ಮೆ ಥರ ಜಾರತ್ತೆ ಅನ್ನೋದು ನಿಜ, ಆದ್ರೆ ಬರೀ ಓಟ್ಸ್ ನೆನೆಸಿ ಆ ನೀರು ಹಾಕಿದ್ರೆ ಹೋಗೋದು ಬರೀ ಗಂಜಿ (ಪಿಷ್ಟ), ಬಾಡಿ ಬರೋ ಬದ್ಲು ಮಬ್ಬು ಬರತ್ತೆ, ಇಟ್ಟಷ್ಟು ದಿನಕ್ಕೆ ಕೆಡೋ ಭಯನೂ ಇರತ್ತೆ. ಗಂಜಿನ ಸಕ್ಕರೆ, ಡೆಕ್ಸ್‌ಟ್ರಿನ್ ಮಾಡೋ ಎನ್‌ಜೈಮ್ ಓಟ್ಸಲ್ಲಿಲ್ಲ, ಅದು ಇರೋದು ಪೇಲ್ ಮಾಲ್ಟಲ್ಲಿ, ಅಂದ್ರೆ ಹೆಚ್ಚು ಹುರಿಯದ ತಿಳಿ ಬಣ್ಣದ ಮಾಲ್ಟಲ್ಲಿ. ಅದಕ್ಕೆ ಒಡೆದ ಪೇಲ್ ಮಾಲ್ಟ್ 500 ಗ್ರಾಂ, ರೋಲ್ಡ್ ಓಟ್ಸ್ 300 ಗ್ರಾಂ ಎರಡನ್ನೂ ಒಂದೇ ಚೀಲಕ್ಕೆ ಹಾಕಿ, ಎರಡೂವರೆ ಲೀಟರ್ ನೀರಲ್ಲಿ 67, 68 ಡಿಗ್ರಿಲಿ ಒಂದು ಗಂಟೆ ಹಿಡಿದಿಡಿ. ಪಾತ್ರೆಗೆ ಕಂಬಳಿ ಸುತ್ತಿದ್ರೆ ಬಿಸಿ ನಿಲ್ಲತ್ತೆ, ಕಾಳು ಹಾಕಿದ ತಕ್ಷಣ ಐದಾರು ಡಿಗ್ರಿ ಇಳಿಯೋದ್ರಿಂದ ನೀರನ್ನ 73ಕ್ಕೆ ಕಾಯಿಸಿಕೊಂಡು ಶುರು ಮಾಡಿ. 65ರ ಕೆಳಗೆ ಹೋದ್ರೆ ಯೀಸ್ಟ್ ತಿನ್ನೋ ಸಕ್ಕರೆ ಜಾಸ್ತಿ ಆಗತ್ತೆ, 68, 69ರಲ್ಲಿ ಡೆಕ್ಸ್‌ಟ್ರಿನ್ ಜಾಸ್ತಿ ಉಳಿಯತ್ತೆ, ನಮಗೆ ಬೇಕಾಗಿರೋದು ಅದೇ. ಹುರಿದ ಕಾಳುಗಳನ್ನ ಕೊನೇ ಅರ್ಧ ಗಂಟೇಲಿ ಇದೇ ಪಾತ್ರೆಗೆ ಸೇರಿಸಬಹುದು. ಇದರಿಂದ 20 ಲೀಟರಿಗೆ ಏಳೆಂಟು ಪಾಯಿಂಟ್ (0.007, 0.008) ಗ್ರಾವಿಟಿ ಸಿಗೋದ್ರಿಂದ ಮಾಲ್ಟ್ ಪುಡಿ 400 ಗ್ರಾಂ ಕಮ್ಮಿ ಮಾಡ್ಬಹುದು. ಓಟ್ಸ್ ಬದ್ಲು ಫ್ಲೇಕ್ಡ್ ಬಾರ್ಲಿ (ಅವಲಕ್ಕಿ ಥರ ಚಪ್ಪಟೆ ಮಾಡಿದ ಬಾರ್ಲಿ) ಹಾಕಿದ್ರೆ ಒಣ ಐರಿಶ್ ಸ್ಟೌಟ್ ದಾರಿಗೆ ಬರತ್ತೆ, ನೊರೆ ಗಟ್ಟಿಯಾಗಿ ನಿಲ್ಲತ್ತೆ.

ಇಷ್ಟೆಲ್ಲ ರಗಳೆ ಬೇಡ, ಬಾಡಿ ಬೇಕು ಅನ್ನೋರಿಗೆ ಮಾಲ್ಟೋಡೆಕ್ಸ್‌ಟ್ರಿನ್ ಪುಡಿ ಇದೆ. 200ರಿಂದ 250 ಗ್ರಾಂ ಕುದಿಯೋ ನೀರಿಗೆ ಹಾಕಿದ್ರೆ ಆಯ್ತು, ಬಹುತೇಕ ಯೀಸ್ಟಿಗೆ ಸಿಗಲ್ಲ, ರುಚಿನೂ ಇಲ್ಲ ಸಿಹಿನೂ ಇಲ್ಲ, ಬರೀ ದಪ್ಪ. ರುಚಿ ಇಲ್ಲದ ದಪ್ಪ ನನಗೆ ಅಷ್ಟು ಹಿಡಿಸಲ್ಲ, ಆದ್ರೆ ಕೆಲಸ ಮಾಡತ್ತೆ ಅನ್ನೋದು ಸುಳ್ಳಲ್ಲ. ಸಿಹಿ ಸ್ಟೌಟ್ ಇಷ್ಟ ಇದ್ರೆ ಲ್ಯಾಕ್ಟೋಸ್, ಹಾಲಿನ ಸಕ್ಕರೆ, ಮಿಲ್ಕ್ ಸ್ಟೌಟ್ ಅನ್ನೋದು ಇದರಿಂದಾನೇ. ಬಿಯರ್ ಯೀಸ್ಟಿಗೆ ಲ್ಯಾಕ್ಟೋಸ್ ಒಡೆಯೋಕೆ ಬರಲ್ಲ, ಹಂಗಾಗಿ ಹಾಕಿದಷ್ಟೂ ಉಳಿಯತ್ತೆ. 20 ಲೀಟರಿಗೆ 300 ಗ್ರಾಂನಿಂದ ಶುರು ಮಾಡಿ, 500 ದಾಟಿದ್ರೆ ಎರಡನೇ ಗ್ಲಾಸ್ ಕುಡಿಯೋಕೆ ಮನಸ್ಸಾಗಲ್ಲ. ಹಾಲು ಆಗದೇ ಇರೋರಿಗೆ ಕೊಡೋವಾಗ ಮೊದ್ಲೇ ಹೇಳ್ಬಿಡಿ, ಇದು ಮರೀಬೇಡಿ.

ಯೀಸ್ಟ್, ಬಿಸಿ ಇವೆರಡನ್ನ ಜನ ಕೊನೆಗೆ ಯೋಚನೆ ಮಾಡ್ತಾರೆ, ಆದ್ರೆ ಕಿಟ್ ರುಚಿ ಅಂತ ನಾವು ಬೈಯೋದ್ರಲ್ಲಿ ಒಂದಷ್ಟು ಇಲ್ಲೇ ಹುಟ್ಟೋದು. ಮುಚ್ಚಳದ ಕೆಳಗೆ ಬರೋ ಪೊಟ್ಟಣದಲ್ಲಿ 5, 6, 7 ಗ್ರಾಂ ಇರತ್ತೆ, ಎಷ್ಟು ದಿನ ಬಿಸಿಲಲ್ಲಿ ಗೋಡೌನಲ್ಲಿ ಕೂತಿತ್ತೋ ಗೊತ್ತಿಲ್ಲ. ಅದನ್ನ ಪಕ್ಕಕ್ಕಿಟ್ಟು ಒಳ್ಳೆ 11 ಗ್ರಾಂ ಪೊಟ್ಟಣ ತಗೊಳ್ಳಿ. ಸಾಫ್‌ಏಲ್ ಎಸ್-04 ಇಂಗ್ಲಿಷ್ ಏಲ್ ಯೀಸ್ಟ್, ಸ್ಟೌಟಿಗೆ ಚೆನ್ನಾಗಿ ಹೊಂದತ್ತೆ, ತಳದಲ್ಲಿ ಗಟ್ಟಿಯಾಗಿ ಕೂರತ್ತೆ. ನಾಟಿಂಗ್‌ಹ್ಯಾಮ್ ಅನ್ನೋ ಯೀಸ್ಟ್ ಬಿಯರನ್ನ ಇನ್ನೂ ಒಣಗಿಸತ್ತೆ, ಅಂದ್ರೆ ಸಿಹಿ ಕಮ್ಮಿ ಉಳಿಸತ್ತೆ. ಬಾಡಿನೇ ಮುಖ್ಯ ಅಂದ್ರೆ ವಿಂಡ್ಸರ್ ಯೀಸ್ಟ್ ನೋಡಿ, ಅದು ಮಾಲ್ಟೋಟ್ರಯೋಸ್ ಅನ್ನೋ ಸಕ್ಕರೆನ ತಿನ್ನಲ್ಲ, ಹಂಗಾಗಿ ಗ್ರಾವಿಟಿ ಬೇರೆ ಯೀಸ್ಟಿಗಿಂತ ಕೆಲವು ಪಾಯಿಂಟ್ ಮೇಲೇ ನಿಲ್ಲತ್ತೆ, ಹಣ್ಣಿನ ಘಮನೂ ಕೊಡತ್ತೆ. ಒಂದೇ ಡಬ್ಬ, ಒಂದೇ ಮಾಲ್ಟ್, ಯೀಸ್ಟ್ ಒಂದು ಬದಲಾಯಿಸಿದ್ರೆ ಗ್ಲಾಸಲ್ಲಿ ಗೊತ್ತಾಗತ್ತೆ.

ಬಿಸಿ 18ರಿಂದ 20 ಡಿಗ್ರಿ ಒಳಗೆ ಇಟ್ಕೊಳ್ಳಿ, ಅದರಲ್ಲೂ ಮೊದಲ ಮೂರು ದಿನ. ಚೀಟಿಲಿ 27ರವರೆಗೂ ಪರವಾಗಿಲ್ಲ ಅಂತ ಬರೆದಿರ್ತಾರೆ, ಬಿಯರ್ ಆಗತ್ತೆ, ಆದ್ರೆ ಸ್ಪಿರಿಟ್ ಥರ ಗಂಟಲು ಸುಡೋ ಘಾಟು ಸೇರ್ಕೊಳ್ಳತ್ತೆ. ಹುದುಗೋವಾಗ ಒಳಗಿನ ಬಿಸಿ ರೂಮಿಗಿಂತ ಎರಡು ಮೂರು ಡಿಗ್ರಿ ಜಾಸ್ತಿನೇ ಇರತ್ತೆ ಅನ್ನೋದು ಲೆಕ್ಕದಲ್ಲಿರ್ಲಿ. ರೂಮ್ ಬಿಸಿ ಇದ್ರೆ ಫರ್ಮೆಂಟರನ್ನ (ಹುದುಗೋ ಡ್ರಮ್ಮನ್ನ) ನೀರು ತುಂಬಿದ ಟಬ್ಬಲ್ಲಿ ನಿಲ್ಸಿ, ಒದ್ದೆ ಬಟ್ಟೆ ಸುತ್ತಿ, ಐಸ್ ಬಾಟಲ್ ಬದಲಾಯಿಸ್ತಾ ಇರಿ. ಯೀಸ್ಟ್ ಹಾಕೋ ಮುಂಚೆ ತಣ್ಣಗಾದ ವರ್ಟನ್ನ, ಅಂದ್ರೆ ಇನ್ನೂ ಹುದುಗದ ಮಾಲ್ಟ್ ನೀರನ್ನ, ಜೋರಾಗಿ ಕುಲುಕಿ ಗಾಳಿ ಸೇರಿಸಿ. ಹುದುಗಿದ ಮೇಲೆ ಇದಕ್ಕೆ ತದ್ವಿರುದ್ಧ, ಒಂದು ಹನಿನೂ ಎರಚಬಾರ್ದು, ಗಾಳಿ ತಗುಲಿದ್ರೆ ಒದ್ದೆ ರಟ್ಟಿನ ರುಚಿ ಬರತ್ತೆ.

ನೀರಿನ ಬಗ್ಗೆ ಎರಡೇ ಮಾತು. ನಲ್ಲಿ ನೀರಲ್ಲಿ ಕ್ಲೋರಿನ್ ವಾಸನೆ ಇದ್ರೆ ಸ್ಟೌಟಲ್ಲಿ ಆಸ್ಪತ್ರೆ ಬ್ಯಾಂಡೇಜ್ ವಾಸನೆಯಾಗಿ ವಾಪಸ್ ಬರತ್ತೆ, ಅರ್ಧ ಕ್ಯಾಂಪ್ಡೆನ್ ಮಾತ್ರೆ (ಮೆಟಾಬೈಸಲ್ಫೈಟ್ ಮಾತ್ರೆ) ಪುಡಿ ಮಾಡಿ ಪೂರ್ತಿ ನೀರಿಗೆ ಕಲಸಿದ್ರೆ ಕ್ಲೋರಿನ್ನೂ ಹೋಗತ್ತೆ, ಕುದಿಸಿದ್ರೂ ಸರಿಯಾಗಿ ಹೋಗದ ಕ್ಲೋರಮೈನೂ ಹೋಗತ್ತೆ. ಹುರಿದ ಕಾಳು ಹುಳಿ ಗುಣದ್ದು, ತೀರಾ ಮೆದು ನೀರಲ್ಲಿ ನೆನೆಸಿದ್ರೆ ರುಚಿ ಚುಚ್ಚೋ ಥರ ಬರತ್ತೆ, ಹಂಗಾಗಿ ಗಡಸು ನೀರಿದ್ರೆ ಸ್ಟೌಟಿಗೆ ಅದು ಒಳ್ಳೇದೇ.

ಕಾಫಿ, ಕೊಕೊ ಹಾಕೋ ಆಸೆ ಎಲ್ಲರಿಗೂ ಇರತ್ತೆ. ಮೊದ್ಲು ಮೂಲ ಸ್ಟೌಟ್ ಗಟ್ಟಿ ಮಾಡ್ಕೊಳ್ಳಿ, ತೆಳ್ಳಗಿರೋ ಬಿಯರಿಗೆ ಕಾಫಿ ಹಾಕಿದ್ರೆ ಆರಿದ ಕಾಫಿ ಕುಡಿದಂಗಿರತ್ತೆ. ಕಾಫಿನ ತಣ್ಣೀರಲ್ಲೇ ರಾತ್ರಿ ನೆನೆಸಿ ಸೋಸಿ ಬಾಟಲ್ ಮಾಡೋ ದಿನ ಸೇರಿಸಿ, ಒಂದು ಗ್ಲಾಸಿಗೆ ಅಳತೆ ಮಾಡಿ ಹಾಕಿ ಕುಡಿದು ನೋಡಿ ಆಮೇಲೆ ಪೂರ್ತಿಗೆ ಗುಣಿಸಿ. ಕೊಕೊ ನಿಬ್ಸ್ (ಕೊಕೊ ಬೀಜದ ಚೂರು) 100 ಗ್ರಾಂ, ಮುಳುಗುವಷ್ಟು ವೋಡ್ಕಾಲಿ ಎರಡು ಮೂರು ದಿನ ನೆನೆಸಿ, ಹುದುಗು ನಿಂತ ಮೇಲೆ ಒಂದು ವಾರ ಫರ್ಮೆಂಟರಲ್ಲಿ ಬಿಡಿ. ಕಪ್ಪು ಕಾಕಂಬಿ, ಟ್ರೀಕಲ್ ಹಾಕಿದ್ರೆ ಆಳವಾದ ರುಚಿ ಬರತ್ತೆ, ಆದ್ರೆ 150 ಗ್ರಾಂಗೆ ನಿಲ್ಸಿ, ಜಾಸ್ತಿ ಆದ್ರೆ ಲೋಹದ ರುಚಿ. ಅದರಲ್ಲಿರೋ ಸಕ್ಕರೆನೂ ಯೀಸ್ಟ್ ತಿನ್ನೋದೇ, ಬಾಡಿ ಕೊಡತ್ತೆ ಅಂತ ಅಂದ್ಕೋಬೇಡಿ.

ನಾನು ಹೇಳಿದ ಅಳತೆಲಿ, ಅಂದ್ರೆ ಒಂದು ಡಬ್ಬ, 1 ಕೆಜಿ ಲೈಟ್ ಮಾಲ್ಟ್ ಪುಡಿ, ಅರ್ಧ ಕೆಜಿ ನೆನೆಸೋ ಕಾಳು, ಒಟ್ಟು 20 ಲೀಟರ್, ಗ್ರಾವಿಟಿ 1.046ರಿಂದ 1.049 ಬರತ್ತೆ. ಎಸ್-04 ಹಾಕಿದ್ರೆ 1.013ರಿಂದ 1.016ರ ಮಧ್ಯೆ ನಿಲ್ಲತ್ತೆ, ಆಲ್ಕೋಹಾಲ್ ನಾಲ್ಕೂವರೆ ಪರ್ಸೆಂಟ್ ಹತ್ರ. ಲ್ಯಾಕ್ಟೋಸ್ 400 ಗ್ರಾಂ ಸೇರಿಸಿದ್ರೆ ಶುರುವಿನದೂ ಕೊನೇದೂ ಎರಡೂ ಏಳೆಂಟು ಪಾಯಿಂಟ್ ಮೇಲೆ ಹೋಗತ್ತೆ, 1.022ರಲ್ಲಿ ನಿಂತಿದೆ, ಯೀಸ್ಟ್ ಸತ್ತೋಯ್ತು ಅಂತ ಗಾಬರಿ ಆಗ್ಬೇಡಿ. ಹಾಗಂತ ಅಂದಾಜಲ್ಲಿ ಬಾಟಲ್ ಮಾಡೋದೂ ಬೇಡ. ಗುಳ್ಳೆ ನಿಲ್ತು ಅನ್ನೋದು ಲೆಕ್ಕಕ್ಕಿಲ್ಲ, ಗ್ರಾವಿಟಿ ಅಳೆಯೋ ಹೈಡ್ರೋಮೀಟರಲ್ಲಿ ಮೂರು ದಿನ ಒಂದೇ ನಂಬರ್ ತೋರಿಸ್ಬೇಕು, ಅಲ್ಲಿವರೆಗೂ ಕಾಯಿರಿ, ಇನ್ನೂ ಸಕ್ಕರೆ ಉಳಿದಿರುವಾಗ ಮುಚ್ಚಳ ಹಾಕಿದ್ರೆ ಗಾಜಿನ ಬಾಟಲ್ ಸಿಡಿಯತ್ತೆ. ಅಳತೆಗೆ ತೆಗೆದಿದ್ದನ್ನ ಚೆಲ್ಲಬೇಡಿ, ಕುಡಿದು ನೋಡಿ. ಗ್ಯಾಸ್ ಇಲ್ಲದ ಬೆಚ್ಚಗಿನ ಸ್ಟೌಟ್ ಚೆನ್ನಾಗಿರಲ್ಲ, ಹುರಿದ ಕಹಿ ಮುಂದೆ ಬಂದು ನಿಂತಿರತ್ತೆ, ಆದ್ರೆ ನುಂಗಿದ ಮೇಲೆ ನಾಲಿಗೆ ಬದಿಲಿ ಒಂದು ತೆಳು ಪದರ ಉಳಿದಂಗೆ ಅನ್ಸಿದ್ರೆ ಬಾಡಿ ಬಂದಿದೆ ಅಂತ ಅರ್ಥ.

ಪಬ್ಬಲ್ಲಿ ಸಿಗೋ ಡ್ರಾಫ್ಟ್ ಗಿನ್ನೆಸ್ ಥರ ಆಗ್ಬೇಕು ಅಂತ ಕೇಳೋರಿಗೆ ಒಂದು ವಿಷಯ. ಅದು 4.2 ಪರ್ಸೆಂಟಿನ ಹಗುರ, ಒಣ ಬಿಯರ್, ಆ ಕೆನೆ ಕೆನೆ ಅನ್ಸೋದು ಮಾಲ್ಟ್ ಬಾಡಿಯಿಂದಲ್ಲ, ನೈಟ್ರೋಜನ್ನಿಂದ. 1959ರಲ್ಲಿ ಅವರ ಕಂಪನಿಯ ಮೈಕೇಲ್ ಆಶ್ ಆ ವ್ಯವಸ್ಥೆ ಮಾಡಿದ್ರು, ನೈಟ್ರೋಜನ್ ಬಿಯರಲ್ಲಿ ಸುಲಭಕ್ಕೆ ಕರಗಲ್ಲ, ಹಂಗಾಗಿ ಗುಳ್ಳೆ ಪುಟಾಣಿಯಾಗಿ ಬಂದು ನೊರೆ ನುಣ್ಣಗಿರತ್ತೆ. ಬಾಟಲಲ್ಲಿ ಅದು ಬರಲ್ಲ, ಕೆಗ್ (ಬಿಯರ್ ಪೀಪಾಯಿ), ನೈಟ್ರೋಜನ್ ಮಿಕ್ಸ್ ಗ್ಯಾಸ್, ಅದರ ನಲ್ಲಿ ಬೇಕು. ಬಾಟಲಲ್ಲಿ ಮಾಡೋರು ಮಾಡ್ಬಹುದಾದ್ದು ಗ್ಯಾಸ್ ಕಮ್ಮಿ ಇಡೋದು. ಜಾಸ್ತಿ ಗ್ಯಾಸ್ ಇದ್ರೆ ಇರೋ ಬಾಡಿನೂ ತೆಳ್ಳಗೆ ಅನ್ಸತ್ತೆ, ಹುರಿದ ರುಚಿ ಚುಚ್ಚತ್ತೆ. ಲೀಟರಿಗೆ 4ರಿಂದ ನಾಲ್ಕೂವರೆ ಗ್ರಾಂ ಸಕ್ರೆ ಸಾಕು, 20 ಲೀಟರಿಗೆ 80ರಿಂದ 90 ಗ್ರಾಂ, ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ ಒಟ್ಟಿಗೆ ಕಲಸಿ ತುಂಬಿ. ಇಷ್ಟು ಸಕ್ರೆ ಬಾಡಿಗೆ ಏನೂ ಮಾಡಲ್ಲ.

ಬಾಟಲ್ ಆದ್ಮೇಲೆ ಎರಡು ವಾರ 20 ಡಿಗ್ರಿ ಆಸುಪಾಸಲ್ಲಿಟ್ಟು ಆಮೇಲೆ ತಂಪು ಕತ್ತಲೆ ಜಾಗಕ್ಕೆ ಹಾಕಿ ಒಂದು ತಿಂಗಳಾದ್ರೂ ಮುಟ್ಟಬೇಡಿ. ಎರಡನೇ ವಾರದಲ್ಲಿ ತೆಗೆದ ಬಾಟಲ್ ಒರಟಾಗಿರತ್ತೆ, ಸುಟ್ಟ ವಾಸನೆ ಒಂದು ಕಡೆ ಸಿಹಿ ಒಂದು ಕಡೆ, ಆರು, ಎಂಟು ವಾರಕ್ಕೆ ಎರಡೂ ಬೆರೆತಿರತ್ತೆ. ಕಾಫಿ ಹಾಕಿದ್ದನ್ನ ಮಾತ್ರ ಅಷ್ಟು ದಿನ ಇಡಬೇಡಿ, ಅದರ ಘಮ ಬೇಗ ಇಳಿಯತ್ತೆ. ಕೊಡೋವಾಗ ಫ್ರಿಡ್ಜಿಂದ ತೆಗೆದ ತಕ್ಷಣ ಬೇಡ, 10, 12 ಡಿಗ್ರಿಗೆ ಬರೋವರೆಗೂ ಹೊರಗಿಡಿ, ತೀರಾ ತಣ್ಣಗಿದ್ರೆ ಇಷ್ಟೆಲ್ಲ ಮಾಡಿ ತಂದ ರುಚಿ ನಾಲಿಗೆಗೆ ಗೊತ್ತೇ ಆಗಲ್ಲ.